ಗಟ್ಟಿಯಾಗಿ ಓದಿದ ವರ್ಷ

ಯುಗಾದಿಯ ಹಿಂದಿನ ದಿನ ಕುಳಿತು ವರ್ಷದ ಲೆಕ್ಕ ನೋಡುವುದು ನಮ್ಮ ಮನೆಯ ಹಳೆಯ ರೂಢಿ. ಹಾಲಿಗೆ ಎಷ್ಟಾಯಿತು, ಅಕ್ಕಿಗೆ ಎಷ್ಟಾಯಿತು, ಔಷಧಿಗೆ ಎಷ್ಟಾಯಿತು ಎಂದು ಕೂಡಿ, ಔಷಧಿಯ ಮೊತ್ತ ಅಕ್ಕಿಯ ಮೊತ್ತವನ್ನು ಹಿಂದೆ ಹಾಕಿದ್ದು ಯಾವ ವರ್ಷದಿಂದ ಎಂದು ನೆನೆದು, ನಿಟ್ಟುಸಿರು ಬಿಟ್ಟು ಪುಸ್ತಕ ಮುಚ್ಚಿಡುವುದು. 2024ರ ಯುಗಾದಿಗೆ ಮಾತ್ರ ಆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಇನ್ನೊಂದು ಪಟ್ಟಿ ಸೇರಿಕೊಂಡಿತ್ತು. ಅದು ಶೋಭಕೃತ್ ಸಂವತ್ಸರದಲ್ಲಿ ನಾನು ಓದಿ ಮುಗಿಸಿದ ಪುಸ್ತಕಗಳ ಪಟ್ಟಿ. ಒಟ್ಟು ಹನ್ನೊಂದು.

ಓದುವವರಿಗೆ ಹನ್ನೊಂದು ಒಂದು ಸಂಖ್ಯೆಯೇ ಅಲ್ಲ. ವರ್ಷಕ್ಕೆ ನೂರು ಪುಸ್ತಕ ಓದುವವರು ನನ್ನ ಗೆಳೆಯರಲ್ಲೇ ಇದ್ದಾರೆ. ಆದರೆ ಅದಕ್ಕೆ ಹಿಂದಿನ ಎಪ್ಪತ್ತೈದು ವರ್ಷಗಳಲ್ಲಿ ನಾನು ಮೊದಲಿನಿಂದ ಕೊನೆಯವರೆಗೆ ಓದಿದ ಪುಸ್ತಕಗಳನ್ನು ಎರಡು ಕೈಗಳ ಬೆರಳಲ್ಲಿ ಎಣಿಸಬಹುದಿತ್ತು. ಶಾಲೆಯ ಪಠ್ಯಗಳನ್ನು ಕಳೆದರೆ ಒಂದೇ ಕೈ ಸಾಕು.

ಹಾಗೆಂದು ನಾನು ಅಕ್ಷರದ ಸಹವಾಸ ಇಲ್ಲದವನಲ್ಲ. ರೈಲ್ವೆ ಮೇಲ್ ಸರ್ವಿಸಿನಲ್ಲಿ ಸಾರ್ಟರ್ ಆಗಿದ್ದವನು. ರಾತ್ರಿಯ ಗಾಡಿಯಲ್ಲಿ, ಕುಲುಕುವ ಡಬ್ಬಿಯಲ್ಲಿ ನಿಂತುಕೊಂಡು, ಅರಸೀಕೆರೆ ಬರುವುದರೊಳಗೆ ಇಷ್ಟು, ಬೀರೂರು ಬರುವುದರೊಳಗೆ ಇಷ್ಟು ಎಂದು ಕಾಗದಗಳನ್ನು ಗೂಡುಗಳಿಗೆ ಎಸೆಯುತ್ತಿದ್ದೆ. ನಾನು ಓದುತ್ತಿದ್ದುದು ವಿಳಾಸದ ಕೊನೆಯ ಸಾಲು ಮಾತ್ರ. 1972ರಲ್ಲಿ ಪಿನ್ ಕೋಡ್ ಬಂದ ಮೇಲೆ ಆ ಸಾಲನ್ನೂ ಓದುವ ಅಗತ್ಯ ಕಡಿಮೆಯಾಗುತ್ತ ಬಂತು. 577201 ಎಂದರೆ ಶಿವಮೊಗ್ಗ, 577432 ಎಂದರೆ ತೀರ್ಥಹಳ್ಳಿ, ಮುಗಿಯಿತು. ಲಕ್ಷಾಂತರ ಕಾಗದಗಳು ನನ್ನ ಕೈ ದಾಟಿ ಹೋದವು. ಒಂದರ ಒಳಗೂ ಏನಿದೆಯೆಂದು ನನಗೆ ತಿಳಿಯದು. ತಿಳಿಯಬಾರದೆಂಬುದೇ ನಮ್ಮ ಕೆಲಸದ ಧರ್ಮ. ಆ ಧರ್ಮವನ್ನು ನಾನು ಮನೆಗೂ ತಂದುಬಿಟ್ಟಿದ್ದೆನೇನೋ ಎಂದು ಈಗ ಅನುಮಾನ.

ನಮ್ಮ ಮನೆಯಲ್ಲಿ ಓದುವವಳು ನನ್ನ ಹೆಂಡತಿ. 1973ರಲ್ಲಿ ಮದುವೆಯಾಗಿ ಬಂದವಳು ಟ್ರಂಕಿನಲ್ಲಿ ಸೀರೆಯ ಅಡಿಗೆ ಆರು ಕಾದಂಬರಿ ತಂದಿದ್ದಳು. ಬಂದ ತಿಂಗಳೊಳಗೆ ಬಾಡಿಗೆಗೆ ಪುಸ್ತಕ ಕೊಡುವ ಒಂದು ಸಂಚಾರಿ ಪುಸ್ತಕಾಲಯವನ್ನು ಪತ್ತೆ ಹಚ್ಚಿದಳು. ಆ ಕಾಲದಲ್ಲಿ ಊರೂರಿಗೂ ಅಂಥವು ಇದ್ದವು. ಅನಕೃ, ತರಾಸು, ತ್ರಿವೇಣಿ, ಎಂ.ಕೆ. ಇಂದಿರಾ—ಎಲ್ಲರೂ ಖಾಕಿ ರಟ್ಟಿನ ಅಂಗಿ ತೊಟ್ಟು ನಮ್ಮ ಮನೆಗೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದರು. ಅವಳು ಒಲೆಯ ಮುಂದೆ ಓದುತ್ತಿದ್ದಳು, ಅಕ್ಕಿ ಆರಿಸುತ್ತ ಓದುತ್ತಿದ್ದಳು, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು ತೂಗುತ್ತ ಓದುತ್ತಿದ್ದಳು. ಏನು ಓದುತ್ತೀ ಎಂದು ನಾನು ಕೇಳಿದವನಲ್ಲ. ಸಾರು ಸೀದಾಗ ಮಾತ್ರ ಪುಸ್ತಕದ ಮಾತು ಬರುತ್ತಿತ್ತು.

2023ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅವಳು ಪೇಪರನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು, “ಇವತ್ತು ಮಧ್ಯದ ಅಕ್ಷರ ಅಚ್ಚಾಗಿಲ್ಲ ನೋಡಿ” ಅಂದಳು. ನಾನು ನೋಡಿದೆ. ಚೆನ್ನಾಗಿಯೇ ಅಚ್ಚಾಗಿತ್ತು. ಕಣ್ಣಿನ ಡಾಕ್ಟರು ಚೌಕುಳಿಗಳಿರುವ ಒಂದು ಕಾರ್ಡನ್ನು ಅವಳ ಮುಂದೆ ಹಿಡಿದು, ಗೆರೆಗಳು ನೆಟ್ಟಗೆ ಕಾಣುತ್ತವೆಯೋ ಎಂದು ಕೇಳಿದರು. ನಡುವೆ ಡೊಂಕಾಗಿವೆ, ಇನ್ನೂ ನಡುವೆ ಏನೂ ಇಲ್ಲ ಅಂದಳು. ಕಣ್ಣಿನ ಹಿಂಬದಿಯ ಪರದೆಯ ನಟ್ಟನಡುವೆ ಮ್ಯಾಕ್ಯುಲಾ ಎಂಬ ಪುಟ್ಟ ಜಾಗವಿದೆಯಂತೆ. ಸಣ್ಣಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರ ಕೆಲಸ. ವಯಸ್ಸಾದವರಲ್ಲಿ ಕೆಲವರಿಗೆ ಅದು ಸವೆಯುತ್ತದೆ. ಒಂದು ಬಗೆಯದಕ್ಕೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ. ಇವಳದು ಒಣ ಬಗೆ. ಅದಕ್ಕೆ ಆ ಇಂಜೆಕ್ಷನ್ ಇಲ್ಲ. “ಪೂರ್ತಿ ಕತ್ತಲೆ ಆಗೋದಿಲ್ಲಮ್ಮ, ಓಡಾಡೋದಕ್ಕೆ ತೊಂದರೆ ಇಲ್ಲ, ಸುತ್ತಲಿನದು ಕಾಣ್ತಾ ಇರುತ್ತೆ” ಎಂದು ಡಾಕ್ಟರು ಧೈರ್ಯ ಹೇಳಿದರು. ಆಟೋದಲ್ಲಿ ಬರುವಾಗ ಇವಳು ಅಂದದ್ದು ಒಂದೇ ಮಾತು: “ಪುಸ್ತಕ ಕಾಣತ್ತೆ, ಅಕ್ಷರ ಕಾಣಲ್ಲ. ಚೆನ್ನಾಗಿದೆ ನ್ಯಾಯ.”

ಯುಗಾದಿಯ ದಿನ ಹೋಳಿಗೆ ಊಟ ಮುಗಿದು ನಾನು ಕಣ್ಣು ಮುಚ್ಚುವ ಹೊತ್ತಿಗೆ, ಗೊರೂರರ ‘ಹಳ್ಳಿಯ ಚಿತ್ರಗಳು’ ತಂದು ನನ್ನ ಎದೆಯ ಮೇಲೆ ಇಟ್ಟಳು. “ಒಂದು ಓದಿ” ಅಂದಳು. ಅಷ್ಟೆ. ನಮ್ಮ ಓದು ಆರಂಭವಾದದ್ದು ಹೀಗೆ. ಪೀಠಿಕೆಯೂ ಇಲ್ಲ, ಸಂಕಲ್ಪವೂ ಇಲ್ಲ.

ಗಟ್ಟಿಯಾಗಿ ಓದುವುದು ಎಷ್ಟು ಕಷ್ಟ ಎಂಬುದು ಓದಿದವರಿಗೇ ಗೊತ್ತು. ಮೊದಲನೆಯ ದಿನ ನಾನು ಗೊರೂರರನ್ನು ವಿಳಾಸ ಓದಿದ ಹಾಗೆ ಓದಿದೆ. ನಗು ಬರಬೇಕಾದ ಕಡೆ ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ. ವಾಕ್ಯ ಮುಗಿಯುವ ಮೊದಲೇ ನನ್ನ ದನಿ ಮುಗಿಯುತ್ತಿತ್ತು. “ಅವರು ತಮಾಷೆ ಮಾಡ್ತಿದಾರೆ, ನೀವು ರಿಜಿಸ್ಟರ್ ಓದ್ತಿದೀರಿ” ಅಂದಳು. ನನಗೆ ರೇಗಿತು. ಶಿವಮೊಗ್ಗದ ಪಕ್ಕದಲ್ಲೇ ಹೊಸಹಳ್ಳಿ ಇದೆ, ಗಮಕಕ್ಕೆ ಹೆಸರಾದ ಊರು. ಒಬ್ಬರು ರಾಗವಾಗಿ ಕುಮಾರವ್ಯಾಸನನ್ನು ವಾಚಿಸುವುದು, ಇನ್ನೊಬ್ಬರು ಅರ್ಥ ಹೇಳುವುದು ಅಲ್ಲಿ ತಲೆಮಾರುಗಳಿಂದ ಬಂದ ವಿದ್ಯೆ. ಆ ಊರಿನ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಊರಿಗೆ ಊರೇ ಹಿಗ್ಗಿತ್ತು. “ಅಂಥವರನ್ನು ಕಟ್ಟಿಕೊಳ್ಳಬೇಕಿತ್ತು ನೀನು” ಅಂದೆ. “ವ್ಯಾಖ್ಯಾನ ನಾನು ಮಾಡ್ತೀನಿ, ನೀವು ಸುಮ್ಮನೆ ಓದಿ” ಅಂದಳು. ಅಂದಿನಿಂದ ನಾನು ವಾಚನ, ಅವಳು ವ್ಯಾಖ್ಯಾನ. ಸಂಜೆ ನಾಲ್ಕರಿಂದ ಐದು. ಗಂಟೆಗೆ ಹದಿನೈದು ಪುಟ. ಅದಕ್ಕಿಂತ ಹೆಚ್ಚಾದರೆ ನನ್ನ ಗಂಟಲು ರಜೆ ಕೇಳುತ್ತಿತ್ತು.

ಪುಸ್ತಕ ಬೇಕಲ್ಲ? ಮನೆಯಲ್ಲಿದ್ದವು ಸಾಲವು. ಪ್ರತಿ ವರ್ಷ ಆಸ್ತಿ ತೆರಿಗೆ ಕಟ್ಟುವಾಗ ಗ್ರಂಥಾಲಯ ಕರ ಎಂದು ಒಂದಿಷ್ಟು ಹಣವನ್ನು ಗೊಣಗುತ್ತ ಕಟ್ಟುತ್ತ ಬಂದಿದ್ದೆ. ಗ್ರಂಥಾಲಯದ ಒಳಗೆ ಕಾಲಿಟ್ಟದ್ದು ಮಾತ್ರ ಎಪ್ಪತ್ತೈದನೆಯ ವಯಸ್ಸಿನಲ್ಲಿ. ಕೊಟ್ಟ ಹಣ ಎಲ್ಲಿಗೆ ಹೋಗಿದೆಯೆಂದು ಕಪಾಟುಗಳನ್ನು ನೋಡಿದ ಮೇಲೆ ಗೊಣಗಾಟ ನಿಲ್ಲಿಸಿದ್ದೇನೆ. ಅಲ್ಲಿಂದ ತಂದ ‘ತುಂಗಭದ್ರ’ಕ್ಕೆ ಕೊನೆಯ ನಾಲ್ಕು ಹಾಳೆ ಇರಲಿಲ್ಲ. ನಾನು ಪೆಚ್ಚಾಗಿ ನಿಂತೆ. ಇವಳು ಕಣ್ಣು ಮುಚ್ಚಿಕೊಂಡು, ಐವತ್ತು ವರ್ಷದ ಹಿಂದೆ ಓದಿದ್ದನ್ನು ಅಲ್ಲಿಂದಲೇ ಎತ್ತಿಕೊಂಡು ಹೇಳಿ ಮುಗಿಸಿದಳು. ಆಮೇಲೆ ಬೇರೆ ಪ್ರತಿ ಸಿಕ್ಕಿತು. ಅವಳು ಹೇಳಿದ್ದಕ್ಕೂ ಅಚ್ಚಾಗಿದ್ದಕ್ಕೂ ಅಲ್ಪಸ್ವಲ್ಪ ವ್ಯತ್ಯಾಸವಿತ್ತು. ಅವಳದೇ ವಾಸಿ ಎಂದು ನನಗನ್ನಿಸಿತು. ಅದನ್ನು ಅವಳ ಮುಂದೆ ಹೇಳಲಿಲ್ಲ.

ಕಾರಂತರ ‘ಮರಳಿ ಮಣ್ಣಿಗೆ’ ಮೇ ತಿಂಗಳ ಸೆಕೆಯಲ್ಲಿ ಓದಿದ್ದು. ಮೂರು ತಲೆಮಾರಿನ ಕತೆ. ಅಜ್ಜ ರಾಮ ಐತಾಳ, ಮಗ ಲಚ್ಚ, ಮೊಮ್ಮಗ ರಾಮ. ನಾನು ಇದನ್ನು ಗಂಡಸರ ಕತೆಯೆಂದೇ ಓದುತ್ತಿದ್ದೆ. ಮೊಮ್ಮಗ ಯಾವಾಗ ಊರಿಗೆ ಮರಳುತ್ತಾನೆ ಎಂದು ಕಾಯುತ್ತಿದ್ದೆ. ಇವಳಿಗೆ ಆ ಮೂವರ ಮೇಲೂ ಅಷ್ಟೇನೂ ಗಮನವಿಲ್ಲ. ಪಾರೋತಿ, ಸರಸೋತಿ, ನಾಗವೇಣಿ ಬಂದರೆ ಮಾತ್ರ ಬೆನ್ನು ನೆಟ್ಟಗಾಗುತ್ತಿತ್ತು. “ಆ ಮನೆ ನಿಂತದ್ದು ಯಾರ ಸೊಂಟದ ಮೇಲೆ ಅಂತ ಲೆಕ್ಕ ಹಾಕಿ” ಅಂದಳು. ಲೆಕ್ಕ ಹಾಕುತ್ತ ಓದಿದೆ. ಗದ್ದೆಯ ಕೆಲಸ, ಅಡಿಗೆಮನೆಯ ಕೆಲಸ, ಎರಡರ ನಡುವೆ ನುಂಗಿಕೊಂಡ ಮಾತು. ಪುಸ್ತಕ ಬೇರೆಯೇ ಆಯಿತು. ಕಾರಂತರು ಎಲ್ಲವನ್ನೂ ಬರೆದಿಟ್ಟಿದ್ದಾರೆ. ನಾನು ಕೊನೆಯ ಸಾಲು ಮಾತ್ರ ಓದುವ ಸಾರ್ಟರ್.

ಮಳೆಗಾಲ ಪೂರ್ತಿ ‘ಮಲೆಗಳಲ್ಲಿ ಮದುಮಗಳು’. ಏಳುನೂರು ಪುಟಕ್ಕೆ ಮೀರಿದ ಪುಸ್ತಕ. ಹೊಟ್ಟೆಯ ಮೇಲೆ ಇಟ್ಟುಕೊಂಡು ಓದಿದರೆ ಉಸಿರು ಕಟ್ಟುತ್ತದೆ. ಅವಳ ತವರು ತೀರ್ಥಹಳ್ಳಿಯ ಕಡೆಯದು. ಕುವೆಂಪು ಅವರ ಕಾಡು, ಉಂಬಳ, ಗದ್ದೆ, ಗುಡ್ಡ ಯಾವುದಕ್ಕೂ ಅವಳಿಗೆ ವಿವರಣೆ ಬೇಡ, ನನಗೇ ಬೇಕು. ಗುತ್ತಿಯ ನಾಯಿ ಹುಲಿಯ ಬಂದಾಗಲೆಲ್ಲ ಇಬ್ಬರಿಗೂ ಸಂತೋಷ. ತುಂಬಿದ ತುಂಗೆ ಆ ನಾಯಿಯನ್ನು ಕೊಚ್ಚಿಕೊಂಡು ಹೋಗುವ ಭಾಗ ಬಂದಾಗ ನಾನು ಮೊದಲೇ ಕಣ್ಣಾಡಿಸಿ ನೋಡಿ, ಇವಳಿಗೆ ಬೇಜಾರಾದೀತೆಂದು ಮೆಲ್ಲಗೆ ಒಂದೂವರೆ ಪುಟ ಹಾರಿಸಿದೆ. ಎರಡು ವಾಕ್ಯ ಓದಿರಬಹುದು. “ಹಿಂದಕ್ಕೆ ಹೋಗಿ” ಅಂದಳು. “ಯಾಕೆ?” ಅಂದೆ. “ಹುಲಿಯ ಇನ್ನೂ ಸತ್ತಿಲ್ಲ.” ಹಿಂದಕ್ಕೆ ಹೋಗಿ ಓದಿದೆ. ದನಿ ಕಟ್ಟಿದ್ದು ನನ್ನದು. “ಕಷ್ಟ ಬಂದ ಕಡೆ ಹಾರಿಸೋದು ನಿಮಗೆ ಮೊದಲಿಂದ ಅಭ್ಯಾಸ” ಅಂದಳು. ಆ ಮಾತು ನಾಯಿಯ ಬಗ್ಗೆ ಹೇಳಿದ್ದಲ್ಲ ಎಂದು ನನಗೆ ತಕ್ಷಣ ಗೊತ್ತಾಯಿತು. ಗೊತ್ತಾಗದವನಂತೆ ಕನ್ನಡಕ ಒರೆಸಿದೆ.

ದೀಪಾವಳಿಗೆ ಮುಂಚೆ ‘ಫಣಿಯಮ್ಮ’ ಓದಿದೆವು. ಅದು ಚಿಕ್ಕ ಪುಸ್ತಕ, ಒಂದೂವರೆ ವಾರದಲ್ಲಿ ಮುಗಿಯಿತು. ಬಾಲವಿಧವೆಯಾಗಿ ತಲೆ ಬೋಳಿಸಿಕೊಂಡು ಒಂದು ದೀರ್ಘ ಆಯುಷ್ಯವನ್ನು ಕಳೆದವಳ ಕತೆ. ಆಕೆ ಯಾಕೆ ಒಮ್ಮೆಯೂ ಕೂಗಾಡುವುದಿಲ್ಲ ಎಂದು ನನಗೆ ಸಿಟ್ಟು. ಇವಳು ಬಹಳ ಹೊತ್ತು ಸುಮ್ಮನಿದ್ದು, “ಕೂಗಾಡಿದರೆ ಏನಂತಿದ್ದರು ಅಂತ ನಿಮಗೆ ಗೊತ್ತಿಲ್ಲವೆ?” ಅಂದಳು. ಮಾರನೆಯ ದಿನ ಮುಂದಿನ ಪುಸ್ತಕದ ಹೆಸರು ಹೇಳಿದಳು: “ತ್ರಿವೇಣಿಯವರ ‘ಶರಪಂಜರ’.”

ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಾರಿಸುವಂತಿಲ್ಲ.

1975ರಲ್ಲಿ ನಮಗೆ ಮಗಳು ಹುಟ್ಟಿದಳು. ಹೆರಿಗೆಯಾಗಿ ಹತ್ತು ದಿನಕ್ಕೆ ನನ್ನ ಹೆಂಡತಿಗೆ ನಿದ್ದೆ ಹೋಯಿತು. ಆಮೇಲೆ ಮಾತು ಹೆಚ್ಚಿತು, ಆಮೇಲೆ ಮಾತೇ ನಿಂತಿತು. ಮಗು ತನ್ನದಲ್ಲ ಅಂದಳು. ಹಳ್ಳಿಯಲ್ಲಿ ಅದಕ್ಕೆ ಬಾಣಂತಿ ಸನ್ನಿ ಎನ್ನುತ್ತಾರೆ. ತವರಿನವರು ಮೊದಲು ಯಂತ್ರ ಕಟ್ಟಿಸಿ, ಕಡೆಗೆ ಅವಳ ಅಣ್ಣನ ಹಟದಿಂದ ಆಸ್ಪತ್ರೆಗೆ ಸೇರಿಸಿದರು. ನಾನು ಒಮ್ಮೆ ಹೋಗಿ ನೋಡಿದೆ. ಗೋಡೆಗೆ ಮುಖ ಮಾಡಿ ಕುಳಿತಿದ್ದವಳು ನನ್ನ ಕಡೆ ತಿರುಗಲಿಲ್ಲ. ಸಾಯಂಕಾಲದ ಬಸ್ಸಿಗೆ ಹೊರಟು ಬಂದೆ. ಆಮೇಲೆ ಸುಮಾರು ಮೂರು ತಿಂಗಳು ಹೋಗಲಿಲ್ಲ. ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ರಜೆ ಕೇಳಿಯೇ ಇರಲಿಲ್ಲ. ಹೆದರಿದ್ದೆ ಎಂಬುದು ಸತ್ಯ. ರಾತ್ರಿಯೆಲ್ಲ ಯಾರು ಯಾರೋ ಯಾರಿಗೋ ಬರೆದ ಕಾಗದಗಳನ್ನು ಸರಿಯಾದ ಗೂಡಿಗೆ ಎಸೆಯುತ್ತಿದ್ದವನು ಅವಳಿಗೊಂದು ಕಾರ್ಡು ಬರೆಯಲಿಲ್ಲ.

ಅವಳು ಗುಣವಾದಳು. ಅವಳ ಅಣ್ಣನೇ ತಾಯಿ ಮಗುವನ್ನು ಕರೆದುಕೊಂಡು ಬಂದು ಬಿಟ್ಟು ಹೋದ. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಆದರೆ ಅವಳು ಪಾತ್ರೆ ಸ್ವಲ್ಪ ಜೋರಾಗಿ ಇಟ್ಟರೆ ನನ್ನ ತಾಯಿ ನನ್ನ ಮುಖ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಅವಳು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಕೆಲವು ವರ್ಷಗಳಲ್ಲಿ ಅವಳು ಪಾತ್ರೆಯನ್ನು ಸದ್ದಿಲ್ಲದೆ ಇಡುವುದನ್ನು ಕಲಿತಳು. ಎಲ್ಲ ಸರಿಯಾಯಿತು ಎಂದು ನಾನು ಅಂದುಕೊಂಡೆ.

‘ಶರಪಂಜರ’ ಅನೇಕರಿಗೆ ಗೊತ್ತಿರುವುದು ಪುಟ್ಟಣ್ಣ ಕಣಗಾಲರ ಸಿನಿಮಾದಿಂದ, ಕಲ್ಪನಾ ಅಭಿನಯದಿಂದ. ಪುಸ್ತಕ ಅದಕ್ಕೆ ಹಿಂದಿನದು. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಹೆರಿಗೆಯ ಅನಂತರ ಮನಸ್ಸಿನ ಕಾಯಿಲೆಗೆ ಒಳಗಾದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಅವಳು ಗುಣವಾದದ್ದನ್ನು ಯಾರೂ ನಂಬುವುದಿಲ್ಲ. ನಕ್ಕರೂ ಸಂಶಯ, ಅತ್ತರೂ ಸಂಶಯ. ಕಾಯಿಲೆ ಕೊಲ್ಲಲಾರದ್ದನ್ನು ಆ ನೋಟಗಳು ಕೊಲ್ಲುತ್ತವೆ.

ನಾನು ಆ ಪುಸ್ತಕವನ್ನು ಹನ್ನೆರಡು ದಿನ ಓದಿದೆ. ಕಾವೇರಿ ಮನೆಗೆ ಮರಳಿದ ಮೇಲೆ ನನ್ನ ದನಿ ನನ್ನ ಮಾತು ಕೇಳಲಿಲ್ಲ. ಒಂದು ಪುಟದಲ್ಲಿ ನಿಂತೇಬಿಟ್ಟಿತು. ಕೆಮ್ಮಿದೆ, ನೀರು ಕುಡಿದೆ. “ನಿಲ್ಲಿಸಬೇಡಿ” ಅಂದಳು. ಅವಳ ಕಣ್ಣು ನನ್ನ ಮುಖದ ಕಡೆಗಿತ್ತು. ನನ್ನ ಮುಖ ಈಗ ಅವಳಿಗೆ ಕಾಣುವುದಿಲ್ಲ, ಸುತ್ತಲಿನ ಗೋಡೆ ಕಾಣುತ್ತದೆ. ಅದೊಂದು ಉಪಕಾರ ಎಂದು ಆ ಹೊತ್ತಿನಲ್ಲಿ ಅನ್ನಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಓದಿದೆ. ಒಂದು ಸಾಲನ್ನೂ ಹಾರಿಸಲಿಲ್ಲ.

ಮುಗಿದ ದಿನ ಪುಸ್ತಕ ಮುಚ್ಚಿ ಕುಳಿತಾಗ ಅವಳು ಹೇಳಿದಳು: “ಆಸ್ಪತ್ರೆಯಿಂದ ಬಂದ ಮೇಲೆ ಇದನ್ನ ಲೈಬ್ರರಿಯಿಂದ ಮೂರು ಸಲ ತಂದಿದ್ದೆ. ನಾನು ಮದುವೆಗೆ ಮುಂಚೆನೇ ಓದಿದ್ದೆ, ನನಗೆ ಬೇಕಾಗಿರಲಿಲ್ಲ. ನಿಮ್ಮ ಮೇಜಿನ ಮೇಲೆ ಇಡ್ತಿದ್ದೆ. ತೆಗೆದು ನೋಡ್ತೀರೇನೋ ಅಂತ.”

ನನಗೆ ನೆನಪಾಯಿತು. ಖಾಕಿ ರಟ್ಟಿನ ಒಂದು ಪುಸ್ತಕ. ಅದರ ಮೇಲೆ ನಾನು ಕಾಫಿ ಲೋಟ ಇಟ್ಟಿದ್ದೆ. ಲೋಟದ ದುಂಡನೆಯ ಕಲೆ ಬಿದ್ದಿತ್ತು. ಪುಸ್ತಕಾಲಯದವರು ದಂಡ ಹಾಕುತ್ತಾರೆಂದು ನಾನೇ ಅವಳ ಮೇಲೆ ರೇಗಿದ್ದೆ.

ಏನು ಹೇಳಬೇಕೆಂದು ತಿಳಿಯದೆ, “ಈಗ ಓದಿದೆನಲ್ಲ” ಅಂದೆ.

“ಹೂಂ. ನಲವತ್ತೆಂಟು ವರ್ಷ. ನಿಮ್ಮ ಟಪಾಲಿನಲ್ಲಿ ಇಷ್ಟು ತಡ ಆಗಿದ್ದುಂಟೋ?” ಅಂದಳು. ನಕ್ಕಳು. ನಾನು ನಗಲಿಲ್ಲ. ತಪ್ಪಾಯಿತು ಎಂಬ ಮಾತನ್ನು ಅಂದು ಹೇಳಿದೆ. ಅದು ಸಣ್ಣ ಮಾತು. ಅಷ್ಟು ವರ್ಷ ಇಟ್ಟುಕೊಂಡದ್ದರಿಂದ ದೊಡ್ಡದೇನೂ ಆಗಿರಲಿಲ್ಲ. ಅವಳು ಉತ್ತರ ಕೊಡಲಿಲ್ಲ. ಎದ್ದು ಹೋಗಿ ದೀಪ ಹಚ್ಚಿ ಬಂದು, “ಮುಂದಿನದು ತೇಜಸ್ವಿಯವರದ್ದು ತನ್ನಿ. ಸ್ವಲ್ಪ ನಗಬೇಕು” ಅಂದಳು.

‘ಕರ್ವಾಲೊ’ ತಂದೆ. ಮಂದಣ್ಣ ಬಂದು ನಮ್ಮಿಬ್ಬರನ್ನೂ ಉಳಿಸಿದ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಆ ಮಂಡಳಿಯ ಜೊತೆಯಲ್ಲಿ ನಾವೂ ಹೊರಟೆವು. ನನ್ನ ಓದು ಈಗ ಎಷ್ಟೋ ಸುಧಾರಿಸಿತ್ತು. ಮಂದಣ್ಣನಿಗೊಂದು ದನಿ, ಕರ್ವಾಲೊ ಅವರಿಗೊಂದು ದನಿ ಮಾಡುವಷ್ಟು. ಒಂದು ಸಂಜೆ ಇಬ್ಬರೂ ಎಷ್ಟು ನಕ್ಕೆವೆಂದರೆ ಪಕ್ಕದ ಮನೆಯವರು ಟಿ.ವಿ.ಯಲ್ಲಿ ಯಾವ ಚಾನೆಲ್ ಹಾಕಿದ್ದೀರಿ ಎಂದು ಕೇಳಿದರು. ಒಲೆಯ ಮೇಲಿನ ಹಾಲು ಅಂದು ಉಕ್ಕಿ ಹೋಯಿತು. ಯಾರೂ ಯಾರನ್ನೂ ಬೈಯಲಿಲ್ಲ. ಕಡೆಯಲ್ಲಿ ಆ ಓತಿ ಯಾರ ಕೈಗೂ ಸಿಗದೆ ತೇಲಿ ಹೋದಾಗ, “ಹೋಗಲಿ ಬಿಡಿ, ನೋಡಿದ್ದಾಯ್ತಲ್ಲ” ಅಂದಳು.

ಪುಣೆಯಲ್ಲಿರುವ ಮಗಳು ನಮ್ಮ ಓದಿನ ಸಂಗತಿ ಕೇಳಿ, ಅಪ್ಪನ ಗಂಟಲಿಗೇಕೆ ತೊಂದರೆ ಎಂದು ಮೊಬೈಲಿನಲ್ಲಿ ಪುಸ್ತಕ ಓದಿ ಹೇಳುವ ಏರ್ಪಾಟು ಮಾಡಿಕೊಟ್ಟಳು. ದನಿ ಚೆನ್ನಾಗಿತ್ತು, ನನಗಿಂತ ಎಷ್ಟೋ ಚೆನ್ನ. ಇವಳು ಎರಡು ದಿನ ಕೇಳಿ ಬಿಟ್ಟಳು. “ಅದಕ್ಕೆ ಎಲ್ಲೂ ದನಿ ಕಟ್ಟಲ್ಲ” ಎಂಬುದು ಅವಳ ದೂರು.

ವರ್ಷದಲ್ಲಿ ಮೆಚ್ಚಿದ ಪುಸ್ತಕ ಯಾವುದು ಎಂದು ಯಾರಾದರೂ ಕೇಳಿದರೆ ಹೇಳುವುದು ಕಷ್ಟ. ಮರೆಯಲಾರದ್ದು ‘ಮಲೆಗಳಲ್ಲಿ ಮದುಮಗಳು’. ಮತ್ತೆ ಓದಬೇಕು ಅನ್ನಿಸುವುದು ‘ಕರ್ವಾಲೊ’. ‘ಶರಪಂಜರ’ವನ್ನು ಮೆಚ್ಚಿದೆ ಎನ್ನಲಾರೆ, ನನ್ನ ಹೆಸರಿಗೆ ಬಂದ ಕಾಗದವನ್ನು ಮೆಚ್ಚುವುದೇನು, ಬಿಡುವುದೇನು? ಪಡೆದುಕೊಂಡೆ ಎಂದು ರುಜು ಹಾಕಬಹುದು, ಅಷ್ಟೆ.

ಇದನ್ನೆಲ್ಲ ಬರೆಯಬಹುದೇ ಎಂದು ಅವಳನ್ನೇ ಕೇಳಿದೆ. ಮಗಳಿಗೆ ಈ ಸಂಗತಿ ನಾವು ಎಂದೂ ಹೇಳಿರಲಿಲ್ಲ. ಅವಳು ಸ್ವಲ್ಪ ಯೋಚಿಸಿ, “ಬರೀರಿ. ಮೊಮ್ಮಗಳಿಗೆ ಈಗ ಐದು ತಿಂಗಳು. ಅವಳಿಗೂ, ಅವಳ ಗಂಡನಿಗೂ ಗೊತ್ತಿರಲಿ” ಅಂದಳು. ಮೊದಲು ಫೋನಿನಲ್ಲಿ ಮಗಳಿಗೆ ಅವಳೇ ಹೇಳಿದಳು. ಬಹಳ ಹೊತ್ತು ಮಾತಾಡಿದರು. ನಾನು ಹೊರಗೆ ಜಗಲಿಯಲ್ಲಿ ಕುಳಿತಿದ್ದೆ. ಈಗ ಕಾಲ ಎಷ್ಟೋ ವಾಸಿ. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಬರುವ ಈ ಕಾಯಿಲೆಗೆ ಚಿಕಿತ್ಸೆ ಇದೆ, ಬೇಗ ಕರೆದೊಯ್ದರೆ ಬಹುತೇಕ ತಾಯಂದಿರು ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿಯನ್ನೂ ಮಗುವನ್ನೂ ಬೇರೆ ಮಾಡದೆ ಜೊತೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವ ವಿಭಾಗವೇ ಇದೆ. ಆದರೆ ಮನೆಗೆ ಬಂದ ಮೇಲೆ ನೋಡುವ ಕಣ್ಣುಗಳಿಗೆ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

2024ರ ಯುಗಾದಿಯ ಮಧ್ಯಾಹ್ನ ಲೆಕ್ಕದ ಪುಸ್ತಕದಲ್ಲಿ ಹೊಸ ಹಾಳೆ ತೆಗೆದು ‘ಕ್ರೋಧಿ ಸಂವತ್ಸರ’ ಎಂದು ಬರೆದೆ. ಹೋಳಿಗೆ ಊಟ ಮುಗಿದಿತ್ತು. ಅವಳು ಗೋಡೆಗೊರಗಿ ಕಾಲು ಚಾಚಿ ಕುಳಿತಿದ್ದಳು.

“ಯಾವುದು?” ಅಂದೆ.

“ನೀವು ಹೇಳಿ ಈ ಸಲ” ಅಂದಳು.

ನಾನು ಯಾವ ಪುಸ್ತಕವನ್ನೂ ಆರಿಸಿದವನಲ್ಲ. ಕಪಾಟಿನ ಮುಂದೆ ಬಹಳ ಹೊತ್ತು ನಿಂತು, ಕಡೆಗೆ ‘ಮೂಕಜ್ಜಿಯ ಕನಸುಗಳು’ ತೆಗೆದುಕೊಂಡು ಬಂದು ಕುಳಿತೆ. ಸರಿಯಾದ ಪುಸ್ತಕವೇ ಎಂದು ಅವಳ ಮುಖ ನೋಡಿದೆ. ಅವಳು ಏನೂ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಓದತೊಡಗಿದೆ.